ಮಾತ್ರೆ ಬಿಡೋ ಮಾತು ಈಗಲೇ ಬೇಡ
‘ಎಚ್‌ಐವಿ ಇದ್ದವರು ಇನ್ನು ದಿನಾ ಮಾತ್ರೆ ನುಂಗಬೇಕಿಲ್ಲ’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸ್ವಲ್ಪ ಅವಸರ ಆಯ್ತು ಅಲ್ವಾ? ಅದಕ್ಕೆ ಆಧಾರವಾದ ಸ್ಯಾನ್ ಫ್ರಾನ್ಸಿಸ್ಕೊದ ಪ್ರಯೋಗದಲ್ಲಿ ಇದ್ದ ಎಚ್‌ಐವಿ ಸೋಂಕಿತರು ಬರೀ 10 ಜನ. ಮಾತ್ರೆ ನಿಲ್ಲಿಸಿದ ಮೇಲೂ 7 ಜನರಲ್ಲಿ ವೈರಸ್ ಹತೋಟಿಯಲ್ಲಿತ್ತು, ಸಂತೋಷ. ಆದರೆ ಅವರಿಗೆ ಲಸಿಕೆ, ವೈರಸ್ ತಡೆಯುವ ಪ್ರತಿಕಾಯ (ಆ್ಯಂಟಿಬಾಡಿ) ಎಲ್ಲ ಕೊಟ್ಟು, ಪದೇಪದೇ ರಕ್ತ ಪರೀಕ್ಷೆ ಮಾಡುತ್ತಿದ್ದರು. ಸುಮ್ನೆ ನಿಲ್ಲಿಸಿದ್ದಲ್ಲ.

ನಾನು ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಆಪ್ತ ಸಮಾಲೋಚಕಿ. ಹೋದ ವಾರ ಒಬ್ಬರು ಇಂಥದ್ದೇ ಸುದ್ದಿಯನ್ನು ಮೊಬೈಲ್‌ನಲ್ಲಿ ತೋರಿಸಿ, ‘ಮೇಡಂ, ಈ ತಿಂಗಳ ಡಬ್ಬಿ ಬೇಡ ಬಿಡಿ’ ಅಂದರು! ಮಧ್ಯೆ ಮಧ್ಯೆ ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು 5,472 ಜನರ ‘ಸ್ಮಾರ್ಟ್’ ಅಧ್ಯಯನ ನೋಡಿತ್ತು. ಬಿಟ್ಟವರಲ್ಲಿ ಕಾಯಿಲೆ, ಸಾವು ಜಾಸ್ತಿಯಾಗಿ 2006ರಲ್ಲೇ ಅದನ್ನು ನಿಲ್ಲಿಸಿದರು. ಆ ಒಂದು ಸಾಲು ಲೇಖನದಲ್ಲಿ ಇರಬೇಕಿತ್ತು.