ಮೂರು ಸಾವಿರದ ಬೇಸಗೆ

ಕಾಸರಗೋಡಿನ ಬೇಸಗೆಗೆ ಅದರದ್ದೇ ಆದ ಫ್ಯಾಷನ್ ಉಂಟು. ಹೆಂಗಸರಿಗೆ ದೊಡ್ಡ ದೊಡ್ಡ ಹೂವಿನ ಮ್ಯಾಕ್ಸಿ, ಹೆಗಲ ಮೇಲೊಂದು ಬೈರಾಸು. ಗಂಡಸರಿಗೆ ಮಡಚಿ ಕಟ್ಟಿದ ಲುಂಗಿ, ಅದರ ಮೇಲೆ ಬೆವರು. ಬೈರಾಸು ಮುಖ ಒರಸಲಿಕ್ಕೂ ಆಗುತ್ತದೆ, ಹೇಳದೆ ಕೇಳದೆ ನೆಂಟರು ಅಂಗಳಕ್ಕೆ ಇಳಿದರೆ ಮ್ಯಾಕ್ಸಿಯ ಮೇಲೆ ಹೊದ್ದು ಮರ್ಯಾದೆ ಉಳಿಸಲಿಕ್ಕೂ ಆಗುತ್ತದೆ. ಏಳು ಭಾಷೆಗಳ ನಾಡು ಎಂದು ಭಾಷಣಗಳಲ್ಲಿ ಹೊಗಳಿಸಿಕೊಳ್ಳುವ ನಮ್ಮಲ್ಲಿ ಏಳೂ ಭಾಷೆಯವರಿಗೆ ತಕರಾರಿಲ್ಲದ ಸಂಗತಿ ಬಹುಶಃ ಇದೊಂದೇ. ಮಾರ್ಚಿನಲ್ಲಿ ತೊಟ್ಟರೆ ಮೇ ಕೊನೆಯವರೆಗೆ ಚಿಂತೆಯಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಮಗಳಿಗೆ ಇದು ಹಿಡಿಸುವುದಿಲ್ಲ. ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅವಳು ನನ್ನ ಮುಖ ಬಿಟ್ಟು ನನ್ನ ಹಿಂದಿನದ್ದನ್ನೆಲ್ಲ ನೋಡುತ್ತಾಳೆ.

"ಅಮ್ಮಾ, ಕಿಟಕಿಯಲ್ಲಿರುವುದು ಪರದೆಯಾ, ಅಜ್ಜಿಯ ಸೀರೆಯಾ?"

"ಅಜ್ಜಿಯ ಸೀರೆಯ ಪರದೆ."

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ನನ್ನ ಫೋನು ಟಿಣ್ ಎಂದಿತು. ಮೂರು ಸಾವಿರ ರೂಪಾಯಿ ಬಂದಿತ್ತು. "ಶಾಲೆಗೆ ರಜೆ ಉಂಟಲ್ಲ ನಿನಗೆ. ನಿನ್ನ ಬಟ್ಟೆ, ಅಪ್ಪನ ಬಟ್ಟೆ, ಚಾವಡಿ, ಮೂರೂ ಇಷ್ಟರಲ್ಲೇ ಹೊಸತಾಗಬೇಕು. ಎಲ್ಲರೂ ಮಾಡ್ತಾರೆ. ವಿಡಿಯೋ ಕಳಿಸ್ತೇನೆ, ನೋಡು." ಕಳಿಸಿದಳು. ಊಟ ಮುಗಿಯುವಷ್ಟರಲ್ಲಿ ಫೋನಿನ ಹೊಟ್ಟೆ ತುಂಬಿ ಇನ್ನು ಜಾಗವಿಲ್ಲ ಎಂದಿತು.

ವಿಡಿಯೋದ ಹೆಂಗಸರೆಲ್ಲ ಒಗ್ಗಟ್ಟಾಗಿ ಹೇಳುವ ಮೊದಲ ಮಾತು, ಒಂದು ವರ್ಷದಿಂದ ಮೈಗೆ ಹಾಕದ ಬಟ್ಟೆಯನ್ನು ಕಪಾಟಿನಿಂದ ಹೊರಗೆ ಹಾಕಿ ಎಂದು. ಅತ್ತೆ ಪಕ್ಕದಲ್ಲೇ ಕೂತು ಹಲಸಿನ ಸೊಳೆ ಬಿಡಿಸುತ್ತಿದ್ದರು. ಕೈಗೆ ಎಣ್ಣೆ ಪಸೆ ಮಾಡಿಕೊಂಡು, ತಲೆಯೆತ್ತದೆ ಕೇಳಿದರು: "ಹಾಗಾದ್ರೆ ನಿನ್ನ ಧಾರೆ ಸೀರೆಯೂ ಹೋಗ್ಬೇಕಾ?" ಆ ವಿಡಿಯೋ ಅಲ್ಲಿಗೆ ಮುಗಿಯಿತು.

ಆದರೂ ಬಿಡಲಿಲ್ಲ. ಧಾರೆ ಸೀರೆ ಬಿಟ್ಟು ಉಳಿದದ್ದನ್ನೆಲ್ಲ ಎಳೆದು ಚಾವಡಿಯಲ್ಲಿ ರಾಶಿ ಹಾಕಿದೆ. ನಮ್ಮ ಮನೆಯಲ್ಲಿ ಬಟ್ಟೆಗೆ ಸಾವಿಲ್ಲ, ವರ್ಗಾವಣೆ ಮಾತ್ರ ಎಂಬುದು ನನಗೆ ಗೊತ್ತಿರದ ವಿಷಯವೇನಲ್ಲ. ಸೀರೆ ಹಳತಾದರೆ ಕಿಟಕಿಗೆ ಪರದೆ. ಪರದೆಯ ಬಣ್ಣ ಹೋದರೆ ಹಪ್ಪಳ, ಸಂಡಿಗೆಯ ಮೇಲೆ ಕಾಗೆ ಕೂರದಂತೆ ಮುಚ್ಚುವ ವಸ್ತ್ರ. ಆಮೇಲೆ ನೆಲ ಒರಸುವ ಹುದ್ದೆ. ಕಟ್ಟಕಡೆಗೆ ಅಡುಗೆಮನೆಯಲ್ಲಿ ಮಸಿ ಅರಿವೆಯಾಗಿ ನಿವೃತ್ತಿ. ಇವರ ಬನಿಯನುಗಳಿಗೆ ಮಾತ್ರ ಸ್ಕೂಟರ್ ಒರಸಲು ನೇರ ನೇಮಕಾತಿ. ಹೀಗಾಗಿ ರಾಶಿಗೆ ಹಕ್ಕುದಾರರು ಬರತೊಡಗಿದರು. ಮೆತ್ತಗಿನದ್ದನ್ನೆಲ್ಲ ಅತ್ತೆ ಹಪ್ಪಳದ ಖಾತೆಗೆ ಆರಿಸಿದರು. ಗಟ್ಟಿಯಿದ್ದದ್ದನ್ನು ಇವರು ತೋಟಕ್ಕೆ ಹೊತ್ತರು. ಈಗ ನಮ್ಮ ನೇಂದ್ರ ಬಾಳೆಯ ಗೊನೆಯೊಂದು ನನ್ನ ನೀಲಿ ಚೂಡಿದಾರದ ಟಾಪು ತೊಟ್ಟು ನಿಂತಿದೆ. ತೋಳಿನ ಜಾಗದಲ್ಲಿ ಎರಡು ಕಾಯಿ ಹೊರಗೆ ಇಣುಕುತ್ತವೆ. ನನಗಿಂತ ಅದಕ್ಕೇ ಚಂದ ಒಪ್ಪುತ್ತದೆ ಎಂದು ಇವರ ಅಭಿಪ್ರಾಯ. ಸಂಜೆಗೆ ರಾಶಿಯಲ್ಲಿ ಉಳಿದದ್ದು ಒಂದು ಟೈ. ಅದು ಯಾರದ್ದು ಎಂದು ಈವರೆಗೆ ಇತ್ಯರ್ಥವಾಗಿಲ್ಲ.

ಬಟ್ಟೆ ತರಲು ಕಾಸರಗೋಡು ಪೇಟೆಗೇ ಹೋದೆವು. ಮಂಗಳೂರಿಗೆ ಹೋಗೋಣವೆಂದರೆ ಇವರು ತಲಪಾಡಿಯ ಟೋಲನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಲ್ಲಿ ಗಡಿ ದಾಟಿದರೆ ಪೆಟ್ರೋಲು ಅಗ್ಗ ಎಂಬುದನ್ನು ಮಾತ್ರ ಹಿಡಿಯುವುದಿಲ್ಲ. ಅಂಗಡಿಯ ಹುಡುಗ ಮಲಯಾಳದಲ್ಲಿ ಶುರುಮಾಡಿ, ನನ್ನ ಮುಖ ನೋಡಿ ತುಳುವಿಗೆ ಇಳಿದು, ಚೌಕಾಶಿಯ ಹೊತ್ತಿಗೆ ಕನ್ನಡಕ್ಕೆ ಬಂದ. ಬಿಲ್ಲು ಬರೆಯುವಾಗ ಮತ್ತೆ ಮಲಯಾಳ. "ಪ್ಯೂರ್ ಕಾಟನ್ ಆಣ್ ಚೇಚೀ" ಎಂದು ಎದೆ ಮುಟ್ಟಿ ಹೇಳಿದ ಮೇಲೆ ಎರಡು ಕುರ್ತಾ ಕಟ್ಟಿಸಿದೆ. ಇವರಿಗೊಂದು ಲಿನನ್ ಶರ್ಟು, ಬೆಳ್ಳಗೆ.

ಮನೆಯಲ್ಲಿ ಅತ್ತೆಯ ಪ್ರಯೋಗಾಲಯ ಕಾದಿತ್ತು. ಕುರ್ತಾದ ಅಂಚಿನಿಂದ ಒಂದು ನೂಲು ಎಳೆದು, ಕನ್ನಡಕ ಏರಿಸಿ, ದೀಪದ ಕುಡಿಗೆ ಹಿಡಿದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಬೇಕು. ಇದು ಉದುರಲಿಲ್ಲ. ಹಿಂದಕ್ಕೆ ಸುರುಟಿ, ಕರಗಿ, ತುದಿಯಲ್ಲಿ ಸಾಸಿವೆ ಗಾತ್ರದ ಕಪ್ಪು ಮಣಿಯಾಗಿ ಕೂತಿತು. ಅತ್ತೆ ಅದನ್ನು ಉಗುರಿನಿಂದ ಒತ್ತಿದರು. ಪುಡಿಯಾಗಲಿಲ್ಲ. "ಪ್ಲಾಸ್ಟಿಕ್," ಎಂದು ತೀರ್ಪು ಕೊಟ್ಟು ಎರಡನೆಯದರ ನೂಲಿಗೆ ಕೈ ಹಾಕಿದರು. ಅದಕ್ಕೂ ಅದೇ ಗತಿ. ಸಂಶಯ ನಿವಾರಣೆಗೆಂದು ಇನ್ನೂ ಎರಡು ಕಡೆಯಿಂದ ಎಳೆದರು. ಕುರ್ತಾ ಹತ್ತಿಯದ್ದಲ್ಲ ಎಂದು ಸಂಪೂರ್ಣ ಖಚಿತವಾಗುವಾಗ ಅದರ ಕೆಳಗಿನ ಹೊಲಿಗೆಯೂ ಬಿಚ್ಚಿಹೋಗಿತ್ತು, ವಾಪಸು ಕೊಡುವ ದಾರಿಯೂ ಮುಚ್ಚಿಹೋಗಿತ್ತು.

ಶರ್ಟು ಮಾತ್ರ ಪಾಸಾಯಿತು, ಅಪ್ಪಟ ಲಿನನ್. ಆದರೆ ಅಪ್ಪಟ ಲಿನನ್ನಿನ ತೊಂದರೆಯೆಂದರೆ ಅದು ಅಗಸೆ ಗಿಡದ ನಾರು, ಹಿಗ್ಗಿ ಕುಗ್ಗುವ ಗುಣ ಅದಕ್ಕಿಲ್ಲ. ಮಡಿಕೆ ಬಿದ್ದರೆ ಬಿದ್ದದ್ದೇ. ಇವರು ಅದನ್ನು ಇಸ್ತ್ರಿ ಮಾಡಿ ಹಾಕಿಕೊಂಡು ನೀರ್ಚಾಲಿನ ಹತ್ತಿರ ಒಂದು ಉಪನಯನಕ್ಕೆ ಕಾರಿನಲ್ಲಿ, ಸೀಟಿನಲ್ಲಿ ಕೂತೇ ಬಂದರು. ಚಪ್ಪರದ ಬಾಗಿಲಲ್ಲಿ ನನ್ನ ತಮ್ಮ ಪನ್ನೀರು ಚಿಮುಕಿಸಿ ಕೇಳಿದ: "ಎಂತ ಭಾವ, ಬಸ್ಸಿನಲ್ಲಿ ನೇತಾಡಿಕೊಂಡು ಬಂದದ್ದಾ?" ಮಗಳಿಗೆ ಫೋನು ಮಾಡಿದರೆ, ಸುಕ್ಕಿರುವುದೇ ಸ್ಟೈಲು ಎಂದಳು. ಆ ವಿಷಯ ಚಪ್ಪರದಲ್ಲಿದ್ದ ಯಾರಿಗೂ ತಲುಪಿರಲಿಲ್ಲ.

ಆ ಶರ್ಟಿನ ಮುಂದಿನ ಕತೆ ಚಿಕ್ಕದು. ಊಟ ಮಾಡಿ ಬರುವ ದಾರಿಯಲ್ಲಿ ಗೇರುಗುಡ್ಡೆಯನ್ನು "ಸುಮ್ಮನೆ ಒಮ್ಮೆ ನೋಡಿ ಬರ್ತೇನೆ" ಎಂದು ಹೋದರು. ಹೋದವರು ಸುಮ್ಮನೆ ನೋಡಲಿಲ್ಲ. ಹಣ್ಣು ಹಿಂಡಿ ಬೀಜ ಬೇರ್ಪಡಿಸಿದರು. ಗೇರುಹಣ್ಣಿನ ರಸ ಬಿದ್ದಾಗ ನೀರಿನಂತೆಯೇ ಕಾಣುತ್ತದೆ, ಬಣ್ಣ ಬರುವುದು ಒಗೆದ ಮೇಲೆ. ಸಾಬೂನು, ಲಿಂಬೆ, ಬಿಸಿಲು ಎಲ್ಲ ಆಯಿತು. ಅತ್ತೆ ಸಮಾಧಾನ ಹೇಳಿದರು: "ಗೇರುಹಣ್ಣಿನ ಕಾಲ ಮುಗಿದ ಮೇಲೆ ಕಲೆ ತನ್ನಷ್ಟಕ್ಕೆ ಹೋಗ್ತದೆ." ಇವರ ಹಳೆಯ ಪಂಚೆಗಳ ಮೇಲೆ ಎಷ್ಟೋ ಗೇರುಹಣ್ಣಿನ ಕಾಲಗಳು ಮುಗಿದುಹೋಗಿವೆ, ಕಲೆಗಳು ಹಾಗೇ ಇವೆ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಇನ್ನು ಮನೆ. ನಮ್ಮದು ಅರ್ಧ ಹಂಚು, ಅರ್ಧ ತಾರಸಿ. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯ ಉಪಕಾರದಿಂದ ಹಿಂದಿನ ಅರ್ಧ ಈಗಲೂ ಉಸಿರಾಡುತ್ತದೆ. ಬಿಸಿಗಾಳಿ ಹಂಚಿನ ಸಂದಿನಿಂದ ಹೊರಗೆ ಹೋಗುತ್ತದೆ. ಮುಂದಿನ ಚಾವಡಿಗೆ ಇವರು ಹೊಸ ಕಾಲದವರಾಗಿ ತಾರಸಿ ಹಾಕಿಸಿದರು. ಹಗಲಿಡೀ ಕುಡಿದ ಬಿಸಿಲನ್ನು ಅದು ರಾತ್ರಿ ನಮ್ಮ ತಲೆಯ ಮೇಲೆ ನಿಧಾನಕ್ಕೆ ಸುರಿಯುತ್ತದೆ. ತಾರಸಿಗೆ ಸುಣ್ಣ ಬಳಿದರೆ ಬಿಳಿ ಮೈ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಖರ್ಚೂ ಕಡಿಮೆ. ವಿಡಿಯೋಗಳು ಹೇಳಿದ್ದರಲ್ಲಿ ಇದೊಂದು ಸತ್ಯವಾದದ್ದು. ಆದರೆ ತಾರಸಿ ತುಂಬ ಅಡಿಕೆ. ಹಣ್ಣಡಿಕೆ ಸರಿಯಾಗಿ ಒಣಗಲು ಒಂದೂವರೆ ತಿಂಗಳ ಬಿಸಿಲು ಬೇಕು. ಅಷ್ಟು ದಿನ ಅಲ್ಲಿಗೆ ಕಾಲಿಡಲು ಇವರ ಅಪ್ಪಣೆಯಾಗಬೇಕು. "ಅಡಿಕೆಗೆ ಸುಣ್ಣ ಹೇಗೂ ಬೇಕಲ್ಲ, ವೀಳ್ಯದೆಲೆ ಒಂದು ತಂದರಾಯ್ತು" ಎಂದೆ. ಇವರು ನಗಲಿಲ್ಲ. ಅಡಿಕೆಯ ವಿಷಯದಲ್ಲಿ ಇವರಿಗೆ ಹಾಸ್ಯಪ್ರಜ್ಞೆ ಇಲ್ಲ.

ಮೇಲಿನಿಂದ ಆಗದಿದ್ದರೆ ಬಾಗಿಲಿನಿಂದ ಎಂದು ಲಾವಂಚದ ತಟ್ಟಿ ತರಿಸಿದೆ. ನೀರು ಚಿಮುಕಿಸಿದರೆ ಸಾಕು, ಮನೆ ಊಟಿಯಾಗುತ್ತದೆ ಎಂದು ರಾಜಸ್ಥಾನದ ಹೆಂಗಸೊಬ್ಬಳು ತೋರಿಸಿದ್ದಳು. ಅವಳು ಸುಳ್ಳು ಹೇಳಿದ್ದಲ್ಲ. ಅಲ್ಲಿಯದು ಒಣ ಗಾಳಿ. ನೀರು ಬೇಗ ಆವಿಯಾಗುತ್ತದೆ, ಆಗುವಾಗ ಗಾಳಿಯ ಸೆಕೆಯನ್ನೂ ಎಳೆದುಕೊಳ್ಳುತ್ತದೆ. ಸಮುದ್ರದ ಬದಿಯ ನಮ್ಮ ಗಾಳಿಯೋ, ಹಿಂಡದೆ ನೇತುಹಾಕಿದ ಬೈರಾಸಿನ ಹಾಗೆ. ಅದಕ್ಕೆ ಇನ್ನಷ್ಟು ನೀರು ಕುಡಿಸಿದರೆ ಎಲ್ಲಿ ಹೋದೀತು? ಅಗ್ಗದ ಕೂಲರ್ ತಂದು ಮೋಸಹೋದ ಕರಾವಳಿಯವರದ್ದೆಲ್ಲ ಇದೇ ಕತೆ. ನಾವು ಲಾವಂಚದ ಪರಿಮಳದಲ್ಲಿ ಬೆವರಿದೆವು. ಒಂದು ವಾರದಲ್ಲಿ ತಟ್ಟಿಗೆ ಬೂಸು ಹಿಡಿಯಿತು. ಕಟ್ಟುವ ಮೊದಲೇ ಅತ್ತೆ ಅದರಿಂದ ಒಂದು ಹಿಡಿ ಬೇರು ಕಿತ್ತು ತೊಳೆದು ಕುಡಿಯುವ ನೀರಿನ ಕೊಡಪಾನಕ್ಕೆ ಹಾಕಿದ್ದರು. ಆ ತಟ್ಟಿಯಿಂದ ನಮಗಾದ ತಂಪು ಅಷ್ಟೇ.

ಚಾವಡಿಗೆ ಬೆತ್ತದ ತೂಗುದೀಪ ಹಾಕುವುದು ಮಗಳ ದೊಡ್ಡ ಆಸೆ. ಅಂಗಡಿಯಲ್ಲಿ ಕೇಳಿದರೆ ನಮ್ಮ ಮೂರು ಸಾವಿರವೂ ಅದೊಂದಕ್ಕೇ ಬೇಕು. ಅಟ್ಟ ಹತ್ತಿದೆ. ಅಡಿಕೆ ಸಿಪ್ಪೆಯ ಮೂಟೆಗಳ ಹಿಂದೆ ಒಂದು ಹೆಡಗೆ ಸಿಕ್ಕಿತು. ಹೊಗೆ ಹಿಡಿದು ಜೇನಿನ ಬಣ್ಣಕ್ಕೆ ತಿರುಗಿದ ಹೆಣಿಗೆ, ಒಂದು ಎಳೆ ಕೂಡ ಸಡಿಲವಾಗಿರಲಿಲ್ಲ. ಒರಸಿ, ಬೋರಲು ಹಾಕಿ, ನಡುವೆ ತೂತು ಮಾಡಿಸಿ, ಕರೆಂಟಿನ ಹುಡುಗನಿಂದ ತೂಗುಹಾಕಿಸಿದೆ. ಹಳದಿ ಬೆಳಕೇ ಬೇಕೆಂದು ಮಗಳು ಹೇಳಿದ್ದರಿಂದ ಹಳೇ ಕಾಲದ 60 ವ್ಯಾಟಿನ ಬಲ್ಬು. ಸ್ವಿಚ್ ಒತ್ತಿದಾಗ ಗೋಡೆಯ ತುಂಬ ಜಾಲಿ ಜಾಲಿಯ ನೆರಳು ಬಿತ್ತು. ನಿಜಕ್ಕೂ ಚಂದವಿತ್ತು. ಈಗಲೂ ಹಾಗೇ ಹೇಳುತ್ತೇನೆ.

ಅದೇ ಸಂಜೆ ನಮ್ಮ ಶಾಲೆಯ ಹಿಂದಿ ಮಾಸ್ಟ್ರು ಹೆಂಡತಿ ಸಮೇತ ಬಂದರು. ಕಾಫಿ ಕೊಟ್ಟೆ, ಹಪ್ಪಳ ಕೊಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಮಾಸ್ಟ್ರು ಮಾತು ನಿಲ್ಲಿಸಿ ಮೆಲ್ಲಗೆ ತಮ್ಮ ಪಾದದ ಅಡಿ ನೋಡಿಕೊಂಡರು. ಅವರ ಹೆಂಡತಿ ತಮ್ಮದನ್ನು ನೋಡಿಕೊಂಡರು. ಇವರು ಎದ್ದುಹೋಗಿ ಮೆಟ್ಟಿಲ ಬಳಿಯಿದ್ದ ಎಲ್ಲರ ಚಪ್ಪಲಿಗಳನ್ನು ಒಂದೊಂದಾಗಿ ಮಗುಚಿ ನೋಡಿ ಬಂದರು. ವಾಸನೆ ಜೋರಾಗುತ್ತಲೇ ಹೋಯಿತು. "ಹಟ್ಟಿ ಹತ್ತಿರ ಉಂಟಲ್ಲ, ಗಾಳಿಗೆ ಬರ್ತದೆ" ಎಂದು ಮಾಸ್ಟ್ರೇ ನಮ್ಮ ಪರ ವಹಿಸಿದರು. ಆಗ ಅತ್ತೆ ಒಳಗಿನಿಂದ ಬಂದು ತಲೆಯೆತ್ತಿ ನೋಡಿ ಮುಖ ಅರಳಿಸಿದರು.

"ಇದು ತೋಟಕ್ಕೆ ಗೊಬ್ಬರ ಹೊರುವ ಹೆಡಗೆ ಅಲ್ವಾ? ಇದು ಕಾಣದ್ದಕ್ಕೆ ನಿನ್ನ ಮಾವ ಕೆಲಸದವರಿಗೆ ಎಷ್ಟು ಬೈದಿದ್ದರು, ಪಾಪ!"

ಹಳೆಯ ಬಲ್ಬು ಕುಡಿಯುವ ಕರೆಂಟಿನಲ್ಲಿ ಬೆಳಕಾಗುವುದು ಸ್ವಲ್ಪವೇ, ಉಳಿದದ್ದೆಲ್ಲ ಸೆಕೆ. ಆ ಸೆಕೆಗೆ ಹೆಡಗೆಯ ಹೆಣಿಗೆಯೊಳಗೆ ವರ್ಷಾನುಗಟ್ಟಲೆ ನಿದ್ದೆ ಹೋಗಿದ್ದ ಸೆಗಣಿ ಎದ್ದು ಕೂತಿತ್ತು. ಮರುದಿನ 9 ವ್ಯಾಟಿನ ಎಲ್‌ಇಡಿ ಹಾಕಿದೆ. ವಾಸನೆ ಹೋಯಿತು, ಹೆಡಗೆ ಈಗಲೂ ಅಲ್ಲೇ ಉಂಟು. ಮಾಸ್ಟ್ರು ಮಾತ್ರ ಆಮೇಲೆ ಜಗಲಿಯಲ್ಲೇ ಕೂತು ಮಾತಾಡಿ ಹೋಗುತ್ತಾರೆ.

ಕುರ್ತಾ ಪ್ಲಾಸ್ಟಿಕ್ ಆದ ಮೇಲೆ ನನಗೆಂದು ಬಟ್ಟೆ ಬಾಕಿಯಿತ್ತು. ವಿಷುವಿಗೆ ಕೈಮಗ್ಗದ ಬಟ್ಟೆಗೆ ರಿಯಾಯಿತಿ ಬರುತ್ತದೆ. ಉಳಿದ ಹಣಕ್ಕೆ ಸ್ವಲ್ಪ ಕೈಯಿಂದ ಸೇರಿಸಿ ವಿದ್ಯಾನಗರದ ನೇಕಾರರ ಸಹಕಾರ ಸಂಘಕ್ಕೆ ಹೋಗಿ ಒಂದು ಕಾಸರಗೋಡು ಸೀರೆ ತಂದೆ. 1938ರಿಂದ ನೇಯುತ್ತಿರುವ ಸಂಘ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಸೀರೆ. ಎಲೆಹಸಿರು ಮೈ, ಕೆಂಪು ಅಂಚು. ಅತ್ತೆ ನೂಲು ಎಳೆಯಲು ಬಂದವರು ಬರಿಗೈಯಲ್ಲಿ ಸವರಿ ನೋಡಿ ಹಿಂದೆ ಹೋದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮ್ಮ ಮನೆಯಲ್ಲಿಲ್ಲ.

ಉಟ್ಟು ಒಗೆದ ಮೇಲೆ ಹತ್ತಿ ಸೀರೆಗೆ ಗಂಜಿ ಹಾಕಬೇಕು. ಕುಚ್ಚಲಕ್ಕಿಯ ತೆಳಿ ಕೆಂಪಾಗುತ್ತದೆಂದು ಬೆಳ್ತಿಗೆ ಅಕ್ಕಿಯನ್ನೇ ಬೇಯಿಸಿದೆ. ಒಂದು ಹಿಡಿ ಕಲ್ಲುಪ್ಪು ಸೇರಿಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂದು ಮಗಳ ವಿಡಿಯೋ ಸೇರಿಸಿತು. ನೂಲಿಗೆ ಬಣ್ಣ ಹಾಕುವಾಗ ಉಪ್ಪು ಬೇಕಾಗುವುದು ಹೌದು. ನೇಯ್ದು ಮುಗಿದ ಸೀರೆಗೆ ಉಪ್ಪಿನಿಂದ ಏನೂ ಆಗುವುದಿಲ್ಲ. ಹಸುವಿಗೆ ಆಗುತ್ತದೆ.

ನಮ್ಮ ಹಸು ಕಾಸರಗೋಡು ಗಿಡ್ಡ, ಎತ್ತರ ಮೂರಡಿಯ ಆಸುಪಾಸು. ಬಟ್ಟೆ ಒಣಗಿಸುವ ಹಗ್ಗಕ್ಕೂ ಅವಳಿಗೂ ಈವರೆಗೆ ವ್ಯವಹಾರವಿರಲಿಲ್ಲ. ಆದರೆ ಗಂಜಿಯ ಭಾರಕ್ಕೆ ಹಗ್ಗ ಜಗ್ಗಿ ಸೆರಗು ಅವಳ ಮೂಗಿನ ಮಟ್ಟಕ್ಕೆ ಇಳಿದಿತ್ತು. ದಿನಾ ಅವಳಿಗೆ ಗಂಜಿ ತೆಳಿ ಕೊಡುವ ಹೊತ್ತೂ ಅದೇ. ನಾನು ಹೋಗಿ ನೋಡುವಾಗ ಅರ್ಧ ಕಣ್ಣು ಮುಚ್ಚಿ, ದವಡೆಯನ್ನು ಅತ್ತಿತ್ತ ಆಡಿಸುತ್ತ, ಭೌಗೋಳಿಕ ಸೂಚಕವನ್ನು ಜಗಿಯುತ್ತಿದ್ದಳು. ಕೆಂಪು ಅಂಚು ಬಾಯಿಯ ಬದಿಯಿಂದ ಜೋಲುತ್ತಿತ್ತು. ಎಳೆದೆ. ಅವಳೂ ಎಳೆದಳು. ಕೈಮಗ್ಗದ ನೇಯ್ಗೆ ಎಷ್ಟು ಗಟ್ಟಿ ಎಂಬುದು ಆಗ ಇಬ್ಬರಿಗೂ ಗೊತ್ತಾಯಿತು. ಬಣ್ಣ, ಹೇಳಲೇಬೇಕು, ಒಂದು ಚೂರೂ ಬಿಟ್ಟಿರಲಿಲ್ಲ.

ಉಳಿದದ್ದನ್ನು ಮೇ ಮಧ್ಯದಲ್ಲಿ ಪೇಟೆಯ ಟೈಲರ್ ಬಳಿಗೆ ಒಯ್ದೆ. ಬಿಡಿಸಿ, ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ನು ಕತ್ತರಿಸಿದ್ದು ಯಾರು ಟೀಚರೇ? ಕತ್ತರಿ ಮೊಂಡಾಗಿತ್ತಾ?"

"ಸ್ವಲ್ಪ. ಬೇಸಗೆಗೆ ತೆಳ್ಳಗೆ ಒಂದು ಕುರ್ತಾ ಆದೀತಾ?"

"ಒಂದೇನು, ಎರಡಾಗ್ತದೆ." ಅಂದಾಜು ಹೇಳಿದ ಮಜೂರಿಗೆ ಮಗಳ ಮೂರು ಸಾವಿರದಲ್ಲಿ ಏನೂ ಉಳಿದಿರಲಿಲ್ಲ. ಅವರು ಹಿಂದಕ್ಕೆ ಕೈ ತೋರಿಸಿದರು. ಮಾಡಿನವರೆಗೆ ಶಾಲಾ ಯೂನಿಫಾರ್ಮಿನ ಬಟ್ಟೆ. "ಮಕ್ಕಳದ್ದು ಆಗದೆ ಬೇರೆ ಯಾವುದಕ್ಕೂ ಕೈ ಹಾಕುವ ಹಾಗಿಲ್ಲ. ಶಾಲೆ ಶುರುವಾಗಿ ಒಂದು ವಾರ ಕಳೆಯಲಿ, ಮಳೆ ಹಿಡಿದ ಮೇಲೆ ಬನ್ನಿ."

"ಹಾಗಾದರೆ ತೋಳು ಉದ್ದ ಇಡಿ," ಎಂದೆ. "ಒಳಗೆ ಲೈನಿಂಗೂ ಇರಲಿ."