ಸತ್ಯಾಂಶ: ಮೈಸೂರಿಗೆ ತೋರಿಸುವ ಮಗುವಿಗೆ ಊರಿನ ಡಾಕ್ಟರ್ ಬೇಡವೇ?

"ಹೃದಯದ ತೊಂದರೆ, ಫಿಟ್ಸ್ ಇರುವ ಮಗುವನ್ನು ದೊಡ್ಡಾಸ್ಪತ್ರೆಗೆ ತೋರಿಸುತ್ತಿದ್ದರೆ ಊರಿನ ಡಾಕ್ಟರ್ ಹತ್ತಿರ ಹೋಗಬೇಡಿ, ಔಷಧಿ ಕಲಸುಮೇಲೋಗರ ಆಗುತ್ತದೆ." ಕೊಡಗಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುವ ಮಾತು ಇದು. ತಪ್ಪು ಮಾತು.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಜುಲೈ ಮಳೆಯಲ್ಲಿ ಮರ ಬಿದ್ದರೆ ದಾರಿಯೇ ಬಂದ್. ಫಿಟ್ಸ್ 5 ನಿಮಿಷ ದಾಟಿದರೆ ಅಷ್ಟು ದೂರ ಹೋಗುವವರೆಗೆ ಕಾಯುವಂತಿಲ್ಲ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೇ ಹೋಗಬೇಕು. ಅಲ್ಲಿನ ಡಾಕ್ಟರಿಗೆ ಮಗುವಿನ ಪರಿಚಯ ಮೊದಲೇ ಇದ್ದರೆ ಎಷ್ಟು ಅನುಕೂಲ ಅಲ್ವಾ?

ಔಷಧಿ ಗೊಂದಲ ಆಗುವುದು ನಿಜ. ಆದರೆ ಇಬ್ಬರು ಡಾಕ್ಟರ್ ಇರುವುದರಿಂದಲ್ಲ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಾಗದೆ. ಒಂದೇ ಹೆಸರಿನ ಸಿರಪ್ ಬೇರೆ ಬೇರೆ ಸ್ಟ್ರೆಂತ್‌ನಲ್ಲಿ ಬರುತ್ತದೆ. "5 ಎಂಎಲ್" ಎಂದು ಬಾಯಲ್ಲಿ ಹೇಳಿದರೆ ಸಾಲದು, ಬಾಟಲಿಯನ್ನೇ ಒಯ್ದು ತೋರಿಸಿ. ಮಕ್ಕಳ ಡೋಸು ಸಾಮಾನ್ಯವಾಗಿ ತೂಕದ ಮೇಲೆ ನಿಂತಿದೆ. ಆರು ತಿಂಗಳ ಹಿಂದಿನ ಚೀಟಿಯನ್ನು ಸುಮ್ನೆ ಮುಂದುವರಿಸಬೇಡಿ.

ಡಿಸ್ಚಾರ್ಜ್ ಸಮರಿ, ಈಗಿನ ಔಷಧಿ ಪಟ್ಟಿ, ಲಸಿಕೆ ಕಾರ್ಡು ಒಂದೇ ಫೈಲಿನಲ್ಲಿರಲಿ. ನಮ್ಮ ಮಳೆಗೆ ಕಾಗದ ಮೆತ್ತಗಾಗಿ ಅಕ್ಷರ ಹರಡುತ್ತದೆ, ಪ್ಲಾಸ್ಟಿಕ್ ಕವರ್ ಹಾಕಿ, ಫೋನಿನಲ್ಲೂ ಫೋಟೋ ಇಡಿ. ಡಿಸ್ಚಾರ್ಜ್ ದಿನವೇ ಕೇಳಿ: ಯಾವ ಲಕ್ಷಣ ಕಂಡರೆ ಊರಿನಲ್ಲೇ ತೋರಿಸಬಹುದು, ಯಾವುದಕ್ಕೆ ಇಲ್ಲಿಗೇ ಬರಬೇಕು? ಉತ್ತರವನ್ನು ಬರೆಸಿಕೊಳ್ಳಿ.

ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗಲೂ ಅದೇ ಫೈಲು ತೋರಿಸಿ.