ಬಿಡುಗಡೆ ಭಾಗ್ಯ

ಅಕ್ಕನ ಮಗನಿಗೆ ಮೊನ್ನೆ ಕಂಪನಿಯಿಂದ ಒಂದು ಮೇಲ್ ಬಂತು. ಎರಡು ಸಲ ಓದಿ, ತಲೆಬುಡ ಗೊತ್ತಾಗದೆ ನನಗೆ ಫೋನ್ ಮಾಡಿದ. "ಮಾವ, ನೀವೊಂದ್ಸಲ ನೋಡಿ. ನನ್ನ ಕೆಲಸ ಹೋಗಿದ್ಯಾ, ಇಲ್ಲಾ ಪ್ರಮೋಷನ್ ಸಿಕ್ಕಿದ್ಯಾ?"

ಹುಡುಗನ ತಪ್ಪಲ್ಲ. ಮೇಲ್ ತುಂಬಾ ಜರ್ನಿ, ಅಜೈಲ್, ಟ್ರಾನ್ಸ್‌ಫಾರ್ಮೇಷನ್. ಅದರ ನಡುವೆ ಎಲ್ಲೋ ಒಂದು ಮೂಲೆಯಲ್ಲಿ ಅವನ ರೋಲ್ 'ಇಂಪ್ಯಾಕ್ಟ್' ಆಗಿದೆ ಅಂತ ಇತ್ತು. ಲಾರಿ ಗುದ್ದಿ ಹೋದ ಹಾಗೆ. ಗುದ್ದಿದ್ದು ಯಾರು ಅಂತ ಬರೆದಿರಲಿಲ್ಲ, ಲಾರಿ ನಂಬರೂ ಇರಲಿಲ್ಲ.

ಇಂಗ್ಲಿಷ್ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಆವತ್ತೇ. ನಮ್ಮಲ್ಲಿ ಕತ್ತರಿಸೋದಕ್ಕೆ ಏನಿದೆ ಹೇಳಿ. ಕಡಿ, ಕೊಯ್ಯಿ, ಕುಯ್ಯಿ, ತರಿ. ಕೇಳಿದರೇನೇ ರಕ್ತ ಕಾಣುತ್ತೆ. ಅವರದು ನೋಡಿ: ಟ್ರಿಮ್, ಪ್ರೂನ್, ಸ್ಟ್ರೀಮ್‌ಲೈನ್, ಆಪ್ಟಿಮೈಸ್, ಡೌನ್‌ಸೈಜ್. ಈ ಕೊನೆಯದು ಹುಟ್ಟಿದ್ದು 1970ರ ದಶಕದ ಅಮೆರಿಕದಲ್ಲಿ, ಕಾರುಗಳಿಗೋಸ್ಕರ. ಪೆಟ್ರೋಲ್ ರೇಟ್ ಏರಿತು, ಹಡಗಿನಂಥ ಕಾರುಗಳನ್ನು ಸಣ್ಣದು ಮಾಡಿದರು. ಆಮೇಲೆ ಕಾರಿಂದ ಇಳಿದ ಆ ಪದ ಮನುಷ್ಯರ ಮೇಲೆ ಹತ್ತಿತು. ಸ್ವಲ್ಪ ವರ್ಷ ಕಳೆದ ಮೇಲೆ 'ಡೌನ್' ಅಂದರೆ ಯಾಕೋ ಅಪಶಕುನ ಅನ್ನಿಸಿರಬೇಕು, 'ರೈಟ್‌ಸೈಜ್' ಅಂತ ಮಾಡಿಕೊಂಡರು. ಅಂದರೆ ನೀವು ಅಲ್ಲಿದ್ದಷ್ಟು ದಿನ ಕಂಪನಿಯ ಅಳತೆ ತಪ್ಪಿತ್ತು, ನೀವು ಹೊರಗೆ ಹೋದಮೇಲೆ ಸರಿಯಾಯ್ತು.

2012ರಲ್ಲಿ ಅಮೆರಿಕದ ಬ್ಯಾಂಕು ಸಿಟಿಗ್ರೂಪ್ 11,000 ಕೆಲಸ ತೆಗೆದು ಅದನ್ನು 'ರೀಪೊಸಿಷನಿಂಗ್' ಅಂತ ಕರೆಯಿತು. ಸೋಫಾ ಆ ಗೋಡೆಯಿಂದ ಈ ಗೋಡೆಗೆ ಸರಿಸಿದ ಹಾಗೆ. 2014ರಲ್ಲಿ ಮೈಕ್ರೋಸಾಫ್ಟಿನಿಂದ, ನೋಕಿಯಾದಿಂದ ಬಂದವರೂ ಸೇರಿ, 12,500 ಜನ ಹೋಗಬೇಕಿತ್ತು. ಅಲ್ಲಿನ ಫೋನ್ ವಿಭಾಗದ ಮುಖ್ಯಸ್ಥ ಸ್ಟೀಫನ್ ಎಲಾಪ್ ಬರೆದ ಪತ್ರ ಶುರುವಾಗಿದ್ದು 'ಹಲೋ ದೇರ್' ಅಂತ. ಮೊಳದುದ್ದ ಫೋನಿನ ಪುರಾಣ ಓದಿದ ಮೇಲೆ ಆ ಸಂಖ್ಯೆ ಸಿಗುತ್ತಿತ್ತು. ಅಷ್ಟು ತಾಳ್ಮೆ ಇಲ್ಲದವರು ಮಾರನೇ ದಿನವೂ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗಿರಬಹುದು.

ನಮ್ಮವರೇನು ಕಮ್ಮಿ ಇಲ್ಲ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ಕಳಿಸೋ ಸುದ್ದಿ ಕೊಟ್ಟಿತಲ್ಲ, ಅದರಲ್ಲಿದ್ದ ಪದ 'ರಿಲೀಸ್'. ನಮಗೆ ಗೊತ್ತಿರೋ ಹಾಗೆ ರಿಲೀಸ್ ಆಗೋದು ಎರಡೇ. ಶುಕ್ರವಾರ ಸಿನಿಮಾ, ಸನ್ನಡತೆ ಮೇಲೆ ಪರಪ್ಪನ ಅಗ್ರಹಾರದ ಕೈದಿ. ಅನ್ನಭಾಗ್ಯ, ಕ್ಷೀರಭಾಗ್ಯ ನೋಡಿದ ನಾಡಿಗೆ ಇದೊಂದು ಬಾಕಿ ಇತ್ತು, ಬಿಡುಗಡೆ ಭಾಗ್ಯ. ಅರ್ಜಿ ಹಾಕೋದೇ ಬೇಡ, ಮನೆಬಾಗಿಲಿಗೇ ಬರುತ್ತೆ.

ಆದರೆ ಇದೆಲ್ಲಕ್ಕಿಂತ ನನ್ನ ಮನಸ್ಸು ಗೆದ್ದಿರೋದು ಬ್ಯಾಂಕಿನವರ 'ಹೇರ್ ಕಟ್'. ಸಾಲ ವಾಪಸ್ ಬರಲಿಲ್ಲ, ಬಂದಷ್ಟು ತಗೊಂಡು ಉಳಿದದ್ದು ಬಿಟ್ಟೆವು ಅನ್ನೋದಕ್ಕೆ ಹೇರ್ ಕಟ್ ಅಂತಾರೆ. ಎಂಥಾ ಕಲ್ಪನೆ ನೋಡಿ, ಕೂದಲು ತಾನೇ, ಮತ್ತೆ ಬೆಳೆಯುತ್ತೆ! ದಿವಾಳಿಯಾದ ವಿಡಿಯೋಕಾನ್ ಕಥೆ ನಿಮಗೆ ನೆನಪಿರಬೇಕು. ಒಪ್ಪಿಕೊಂಡ ಬಾಕಿಯೇ ಸುಮಾರು 64,800 ಕೋಟಿ. ಕಂಪನಿ ಕೊಳ್ಳೋಕೆ ಬಂದ ಆಫರ್ 2,962 ಕೋಟಿ. ನೂರು ರೂಪಾಯಿ ಕೊಟ್ಟವನಿಗೆ ವಾಪಸ್ ಬರೋದು ಸುಮಾರು ನಾಲ್ಕೂವರೆ ರೂಪಾಯಿ. ಮಾಲು ಕೊಟ್ಟು ದುಡ್ಡಿಗೆ ಕಾಯ್ತಾ ಕೂತಿದ್ದ ಸಣ್ಣಪುಟ್ಟವರಿಗೆ ಒಂದು ರೂಪಾಯಿಯೂ ಇಲ್ಲ, 72 ಪೈಸೆ. 2021ರ ಜೂನ್‌ನಲ್ಲಿ ಕಂಪನಿ ವ್ಯಾಜ್ಯ ನೋಡೋ ನ್ಯಾಯಮಂಡಳಿ, ಮುಂಬೈನ ಎನ್‌ಸಿಎಲ್‌ಟಿಗೇ ತಡೆಯಲಿಲ್ಲ. ಇದು ಹೇರ್ ಕಟ್ಟೋ, ತಲೆ ಬೋಳಿಸಿದ್ದೋ ಅಂತ ಆದೇಶದಲ್ಲೇ ಬರೆಯಿತು. ಬರೆದು, ಒಪ್ಪಿಗೆಯನ್ನೂ ಕೊಟ್ಟಿತು! ಮುಂದಿನ ಜನವರಿಯಲ್ಲಿ ಮೇಲಿನ ನ್ಯಾಯಮಂಡಳಿ ಅದನ್ನು ರದ್ದು ಮಾಡಿ ವಾಪಸ್ ಕಳಿಸಿತು. ನಮ್ಮ ಕಡೆ ಇದಕ್ಕೆ ತಿರುಪತಿ ಕ್ಷೌರ ಅಂತಾರೆ, ಅರ್ಧ ಬೋಳಿಸಿ ಕೂರಿಸಿ ಇನ್ನೊಂದು ಗಿರಾಕಿ ಹಿಡಿಯೋಕೆ ಹೋಗೋದು. ಆ ತಿರುಪತಿಯಲ್ಲಾದರೂ ದರ್ಶನ ಮುಗಿದಮೇಲೆ ಕೈಗೊಂದು ಲಡ್ಡು ಬರುತ್ತೆ.

ಹಾಗಂತ ಸಿಹಿ ಸುಳ್ಳು ನಮಗೆ ಹೊಸದೇನಲ್ಲ. ನಮ್ಮಜ್ಜಿ ದೀಪ ಆರಿಸು ಅಂತ ಯಾವತ್ತೂ ಹೇಳಿದವಳಲ್ಲ, ದೀಪ ದೊಡ್ಡದು ಮಾಡು ಅಂತಿದ್ದಳು. ಡಬ್ಬದಲ್ಲಿ ಅಕ್ಕಿ ಖಾಲಿಯಾದರೆ 'ಅಕ್ಕಿ ತುಂಬಿದೆ'. ಈಳಿಗೆಮಣೆ ಮುಂದೆ ಕೂತು ಬದನೆಕಾಯಿ ಚೂರು ಚೂರು ಮಾಡೋದಕ್ಕೂ ನಮ್ಮಲ್ಲಿ 'ಹೆಚ್ಚೋದು' ಅಂತಲೇ ಹೆಸರು. ಕತ್ತರಿಸಿದಷ್ಟೂ ಹೆಚ್ಚು! ಯಾವ ಕನ್ಸಲ್ಟೆಂಟಿಗೂ ಇಷ್ಟು ಹೊಳೆದಿಲ್ಲ. ಆದರೆ ಅಜ್ಜಿ ಅಕ್ಕಿ ತುಂಬಿದೆ ಅಂದ ತಕ್ಷಣ ಮನೆಯಲ್ಲಿ ಎಲ್ಲರಿಗೂ ವಿಷಯ ಗೊತ್ತಾಗುತ್ತಿತ್ತು, ತಾತ ಚೀಲ ಹಿಡಕೊಂಡು ಶೆಟ್ಟರ ಅಂಗಡಿಗೆ ಹೊರಡುತ್ತಿದ್ದರು. ಈ ಮೇಲ್ ಬರೆದವರು ಯಾವ ಅಂಗಡಿಗೂ ಹೋಗೋದಿಲ್ಲ.

ಕೇಂದ್ರದ ಪಠ್ಯಪುಸ್ತಕ ಮಾಡೋ ಎನ್‌ಸಿಇಆರ್‌ಟಿಯವರು ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದಿಂದ ಪೀರಿಯಾಡಿಕ್ ಟೇಬಲ್ ಪಾಠ ತೆಗೆದರು, ಜೀವವಿಕಾಸವನ್ನೂ ತೆಗೆದರು. ಹೆಸರು ರ‍್ಯಾಷನಲೈಸೇಷನ್. ರೇಷನ್ ಅಂಗಡಿಯ ಭಾಷೆಯಲ್ಲಿ ಹೇಳೋದಾದರೆ, ಈ ತಿಂಗಳು ಡಾರ್ವಿನ್ ಸ್ಟಾಕ್ ಇಲ್ಲ.

ಬಿಸ್ಕತ್ತಿನವರ ಪದ ಇನ್ನೂ ಮುದ್ದು, 'ಗ್ರಾಮೇಜ್', ಅಂದರೆ ಪ್ಯಾಕೆಟ್ಟಿನೊಳಗಿನ ತೂಕ. ಐದು ರೂಪಾಯಿ ಪ್ಯಾಕೆಟ್ ವರ್ಷಾನುಗಟ್ಟಲೆ ಐದೇ ರೂಪಾಯಿ. ಬೆಲೆ ಏರಿಸಿಲ್ಲಪ್ಪ ಅಂತ ನಾವು ಖುಷಿ. ಒಳಗಿನ ಬಿಸ್ಕತ್ತು ಮಾತ್ರ ಡಯಟ್ ಮಾಡುತ್ತಲೇ ಬಂದಿದೆ. 2025ರ ಸೆಪ್ಟೆಂಬರ್ 22ಕ್ಕೆ ಬಿಸ್ಕತ್ತಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಾಗ ಸಣ್ಣ ಪ್ಯಾಕೆಟ್ಟಿನ ಬೆಲೆ ಇಳಿಸೋದು ಕಷ್ಟ, ಚಿಲ್ಲರೆ ತಾಪತ್ರಯ, ಬೇಕಾದರೆ ಗ್ರಾಂ ಜಾಸ್ತಿ ಮಾಡ್ತೀವಿ ಅಂದರು. ಗ್ರಾಂ ತೆಗೆಯುವಾಗ ನಮ್ಮ ಹತ್ತಿರ ಯಾರೂ ಏನೂ ಅಂದಿರಲಿಲ್ಲ. ಇಂಗ್ಲೆಂಡಿನಲ್ಲಿ 2016ರಲ್ಲಿ ಬೆಟ್ಟದ ಸಾಲಿನ ಆಕಾರದ ಟೊಬ್ಲರೋನ್ ಚಾಕೊಲೇಟನ್ನು 170 ಗ್ರಾಮಿಂದ 150ಕ್ಕೆ ಇಳಿಸಿದರು. ಹೇಗೆ ಗೊತ್ತಾ, ಅದರ ಬೆಟ್ಟಗಳ ನಡುವಿನ ಕಣಿವೆ ಅಗಲ ಮಾಡಿ. ಜನ ಎಷ್ಟು ಬೈದರು ಅಂದರೆ ಎರಡು ವರ್ಷಕ್ಕೆ ಬೆಟ್ಟ ವಾಪಸ್ ಬಂತು. ನಾವು ನಿಜವಾದ ಬೆಟ್ಟ ಹೋದರೂ ಬೈಯೋದಿಲ್ಲ, ಬಿಡಿ.

ಎಲ್ಲಿದ್ದೆ? ಹಾಂ, ಹುಡುಗ. ಅವನಿಗೆ ಫ್ಲ್ಯಾಟಿನ ಸಾಲ ಇದೆ, ಇನ್ನೂ ಹದಿನೇಳು ವರ್ಷ. ನಾಳೆ ಅವನು ಬ್ಯಾಂಕಿಗೆ ಹೋಗಿ ಸಾರ್, ಈ ತಿಂಗಳಿಂದ ನಿಮಗೊಂದು ಸಣ್ಣ ಹೇರ್ ಕಟ್ ಅಂದರೆ ಸುಮ್ನೆ ಇರ್ತಾರಾ? ಒಂದು ಕಂತು ತಪ್ಪಿದರೆ ದಂಡ. ಮೂರು ತಪ್ಪಿದರೆ ನೋಟಿಸು. ಆ ಕಾಗದದಲ್ಲಿ ಜರ್ನಿ ಇಲ್ಲ, ಹಲೋ ದೇರ್ ಇಲ್ಲ, ಎಷ್ಟು ಸ್ಪಷ್ಟವಾದ ಭಾಷೆ! ಬಾಕಿ ಅಂದರೆ ಬಾಕಿ, ಜಪ್ತಿ ಅಂದರೆ ಜಪ್ತಿ. ಅಂದರೆ ನೇರವಾಗಿ ಮಾತಾಡೋದು ಇವರಿಗೆ ಬರುತ್ತೆ. ಚೆನ್ನಾಗಿಯೇ ಬರುತ್ತೆ. ಕತ್ತು ಕುಯ್ಯೋರು ಕುಯ್ಯಿರಿ, ನಿಮ್ಮನ್ನು ತಡೆಯೋ ತಾಕತ್ತು ನಮಗಿಲ್ಲ. ಕುಯ್ದೆವು ಅಂತ ಹೇಳೋಕೂ ಆಗಲ್ವಾ? ಒಂಬತ್ತು ವರ್ಷ ದುಡಿದವನಿಗೆ ಒಂದು ನೆಟ್ಟಗಿನ ವಾಕ್ಯ ಕೊಡೋಕೂ ಕಾಸ್ಟ್ ಕಟಿಂಗಾ? ಸಾಕಾಗಿದೆ ನನಗೆ.

ಶನಿವಾರ ಅವರ ಮನೆಗೆ ಹೋಗಿದ್ದೆ. ಲ್ಯಾಪ್‌ಟಾಪ್ ವಾಪಸ್ ಕಳಿಸೋ ಡಬ್ಬ ಬಂದಿತ್ತು, ಜೊತೆಗೆ ಮೊಬೈಲಿಗೆ ಒಂದು ಲಿಂಕು. ಹೊರಗೆ ಹೋಗುವ ಅನುಭವ ಹೇಗಿತ್ತು, ಐದಕ್ಕೆ ಎಷ್ಟು ಸ್ಟಾರ್ ಕೊಡ್ತೀರಿ ಅಂತ. ಹುಡುಗ ಡಬ್ಬಕ್ಕೆ ಟೇಪ್ ಸುತ್ತುತ್ತಾ ಕೂತಿದ್ದ. ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದು ದನಿ ತಗ್ಗಿಸಿದಳು.

"ಪಕ್ಕದ ಮನೆಯವರು ಕೇಳಿದ್ರು ಕಣೋ, ಏನು ಮಗ ಮನೇಲೇ ಇದಾನಲ್ಲ ಅಂತ."

"ಏನಂದೆ?"

"ವರ್ಕ್ ಫ್ರಮ್ ಹೋಮ್ ಅಂದೆ."